ಹಗೇವಿನಲ್ಲಿ ಹದಿನಾಲ್ಕು ಜಾಡಿ

ನನ್ನ ನೆನಪಿನಲ್ಲಿ ನಮ್ಮ ಮನೆಯ ಹಗೇವಿಗೆ ಮೆಟ್ಟಿಲುಗಳಿವೆ. ಹಾಗಿರಲು ಸಾಧ್ಯವಿಲ್ಲ. ಹಗೇವು ಅಂದರೆ ರಾಗಿ ತುಂಬಿಡಲು ಗಟ್ಟಿ ನೆಲದಲ್ಲಿ ತೋಡಿದ ಗುಂಡಿ. ಮೇಲೆ ಒಬ್ಬ ಮನುಷ್ಯ ಭುಜ ಓರೆ ಮಾಡಿಕೊಂಡು ಇಳಿಯುವಷ್ಟೇ ಬಾಯಿ, ಒಳಗೆ ಹೋದಂತೆ ಹೂಜಿಯ ಹೊಟ್ಟೆಯ ಹಾಗೆ ಅಗಲ. ನಮ್ಮದರ ಒಂದು ಪಕ್ಕ ನೆಟ್ಟಗಿತ್ತು, ಅಲ್ಲಿ ಕಾಲಿಡಲು ಗುಳಿಗಳನ್ನು ಕೊರೆದಿದ್ದರು. ಮೆಟ್ಟಿಲು ಎಲ್ಲಿಂದ ಬಂದವೋ ಗೊತ್ತಿಲ್ಲ. ಆದರೆ ಎಷ್ಟು ಸಲ ಅಳಿಸಿದರೂ ಮತ್ತೆ ಬಂದು ಕೂರುತ್ತವೆ, ಏಳು ಮೆಟ್ಟಿಲು, ಸವೆದ ಕಲ್ಲಿನವು. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಮುಂದೆ ಹೇಳುವುದರಲ್ಲಿ ಇಂಥ ಮೆಟ್ಟಿಲುಗಳು ಇನ್ನೆಷ್ಟಿವೆಯೋ ನನಗೆ ತಿಳಿಯದು. ತಿಳಿದಿರುವುದು ಇಷ್ಟು. ನನಗೆ ಒಂಬತ್ತು ವರ್ಷವಾಗಿದ್ದಾಗ ಒಂದು ಮಧ್ಯಾಹ್ನ ನನ್ನ ಅಮ್ಮ ಆ ಹಗೇವಿಗೆ ಇಳಿದಳು, ಮೇಲೆ ಬರಲಾಗದೆ ಉಳಿದಳು. ಅವಳನ್ನು ಎತ್ತಲು ಧಾವಿಸಿದ ಚಿಕ್ಕಪ್ಪನನ್ನು ಅಜ್ಜಿ ಹಿಡಿದು ನಿಲ್ಲಿಸಿದಳು. ಸೊಸೆ ಸತ್ತರೆ ಸಾಯಲಿ ಅನ್ನುವುದು ಅಜ್ಜಿಯ ಮನಸ್ಸಿನಲ್ಲಿತ್ತೇ? ಈ ಪ್ರಶ್ನೆಗೆ ಉತ್ತರ ಗೊತ್ತಿದೆ ಎಂದುಕೊಂಡೇ ನಾನು ಬೆಳೆದೆ.

ಮನೆ ಇದ್ದದ್ದು ಆವತಿ ಬೆಟ್ಟ ಕಾಣುವಷ್ಟು ದೂರದ ಹಳ್ಳಿಯಲ್ಲಿ. ಮುಂದೆ ಅಂಗಳ, ಅಂಗಳದ ನಡುವೆ ಹಗೇವಿನ ಬಾಯಿಗೆ ಮುಚ್ಚಿದ ಚಪ್ಪಡಿ. ಆಮೇಲೆ ನಡುಮನೆ, ದೇವರ ಗೂಡು, ಅಡುಗೆಮನೆ. ಅಡುಗೆಮನೆಯ ಹಿಂಬಾಗಿಲು ತೆಗೆದರೆ ದ್ರಾಕ್ಷಿ ತೋಟ ಹೊಸ್ತಿಲಿಗೇ ತಾಗಿಕೊಂಡಂತಿತ್ತು. ಕಲ್ಲುಕಂಬ ನೆಟ್ಟು, ತಂತಿ ಎಳೆದು, ತಲೆಯ ಮೇಲೆ ಹಬ್ಬಿಸಿದ ಚಪ್ಪರ. ಎಲೆ ತುಂಬಿದ ತಿಂಗಳುಗಳಲ್ಲಿ ಅಡುಗೆಮನೆಗೆ ಬರುತ್ತಿದ್ದ ಬೆಳಕು ಹಸಿರಾಗಿರುತ್ತಿತ್ತು, ಅಮ್ಮ ಮುದ್ದೆ ಕಟ್ಟುವಾಗ ಅವಳ ಕೈಯೂ ಮುಖವೂ ನೀರಿನೊಳಗಿದ್ದಂತೆ ಕಾಣುತ್ತಿದ್ದವು. ಹಿಂಬಾಗಿಲ ಗೋಡೆಯ ಮೇಲೆ ನೀಲಿ ಕೈಗುರುತುಗಳಿದ್ದವು. ಬೂಜುರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಹೊಡೆದು ಬಂದ ಅಪ್ಪ, ಚಿಕ್ಕಪ್ಪ ಚಪ್ಪಲಿ ಬಿಡುವಾಗ ಆಸರೆಗೆ ಅಲ್ಲೇ ಕೈ ಊರುತ್ತಿದ್ದರು. ವರ್ಷ ವರ್ಷ ಒಂದರ ಮೇಲೊಂದು ಬಿದ್ದ ಆ ಕೈಗಳು, ಯಾರೋ ಒಳಗೆ ಬರಲು ತಳ್ಳುತ್ತಿರುವ ಹಾಗೆ, ರಾತ್ರಿ ಬಚ್ಚಲಿಗೆ ಹೋಗುವಾಗ ನನ್ನನ್ನು ಹೆದರಿಸುತ್ತಿದ್ದವು.

ಬೆಳೆಯುತ್ತಿದ್ದದ್ದು ಬೀಜವಿರುವ ಕಪ್ಪು ದ್ರಾಕ್ಷಿ, ಎಲ್ಲರೂ ಬೆಂಗಳೂರು ಬ್ಲೂ ಅನ್ನುವುದು. ಚರ್ಮ ದಪ್ಪ, ಹುಳಿ ಸಿಹಿ ಎರಡೂ ಹೆಚ್ಚು, ವಾಸನೆ ಇನ್ನೂ ಹೆಚ್ಚು. ದ್ರಾಕ್ಷಿ ಜಾಸ್ತಿಯಾದಂತೆ ರಾಗಿ ಹೊಲ ಕಡಿಮೆಯಾಗಿ ಹಗೇವು ಖಾಲಿ ಬಿತ್ತು. ಅದಕ್ಕೂ ಮುಂಚೆ ಹಗೇವು ತೆಗೆಯುವುದು ಮನೆಯಲ್ಲಿ ಒಂದು ಪೂಜೆಯಷ್ಟೇ ಗಂಭೀರವಾದ ಕೆಲಸ. ಅದರ ಯಜಮಾನಿಕೆ ಅಜ್ಜಿಯದು. ಚಪ್ಪಡಿ ಸರಿಸಿದ ದಿನ ಯಾರೂ ಹತ್ತಿರ ಸುಳಿಯುವಂತಿಲ್ಲ. ಮುಚ್ಚಿಟ್ಟ ರಾಗಿಯ ಕೆಟ್ಟ ಗಾಳಿ ಹೋಗಬೇಕು. ಮರುದಿನ ಬೆಳಿಗ್ಗೆ ಅಜ್ಜಿ ಒಂದು ಮಂಕರಿಯಲ್ಲಿ ಸೀಮೆಎಣ್ಣೆ ಬುಡ್ಡಿ ಹಚ್ಚಿಟ್ಟು, ಹಗ್ಗ ಕಟ್ಟಿ ತಳದವರೆಗೆ ಇಳಿಬಿಡುವಳು. ಆಮೇಲೆ ಬಾಯಿಗೆ ಎಲೆ ಅಡಿಕೆ ಹಾಕಿ ಅಗಿಯುತ್ತ ಕೂರುವಳು. ಅದನ್ನು ಪೂರ್ತಿ ಅಗಿದು ಉಗಿಯುವವರೆಗೂ ದೀಪ ಉರಿದರೆ ಇಳಿಯಬಹುದು. ಆರಿದರೆ ಇನ್ನೊಂದು ದಿನ ಕಾಯಬೇಕು. ಒಮ್ಮೆ ದೀಪ ಆರದೆ ನಿಂತಿತೋ, ಆ ದಿನ ಮತ್ತೆ ನೋಡುವ ಪದ್ಧತಿ ಇರಲಿಲ್ಲ.

"ಬೆಳಿಗ್ಗೆ ದೀಪ ನಿಂತ್ರೆ ಸಂಜೆಗಂಟ ಭಯ ಇಲ್ಲ," ಅನ್ನುವಳು.

ರಾಗಿಯ ಮಟ್ಟಿಗೆ ಇದು ಸರಿ. ಗಾಳಿ ಒಂದು ಸಲ ಆಡಿದರೆ ಆಡಿತು, ಒಣಗಿದ ರಾಗಿ ಒಂದೇ ದಿನದಲ್ಲಿ ಗಾಳಿ ಕೆಡಿಸುವುದಿಲ್ಲ. ಈ ಒಂದು ಮಾತನ್ನು ನಮ್ಮ ಮನೆಯಲ್ಲಿ ಯಾರೂ ಪ್ರಶ್ನಿಸಿರಲಿಲ್ಲ, ಯಾಕೆಂದರೆ ಅದು ಯಾವತ್ತೂ ಸುಳ್ಳಾಗಿರಲಿಲ್ಲ.

ಆ ವರ್ಷ ಕೊಯ್ಲಿಗೆ ವಾರವಿರುವಾಗ ಎರಡು ದಿನ ಬಿಡದೆ ಮಳೆ ಹೊಡೆಯಿತು. ಮಾಗಿದ ಹಣ್ಣು ನೀರು ಕುಡಿದು ಗೊಂಚಲುಗಳಲ್ಲೇ ಬಿರಿಯಿತು. ಜೇನ್ನೊಣಗಳೂ ಕಣಜಗಳೂ ಮುತ್ತಿ ಚಪ್ಪರವೇ ಗುಂಯ್‌ಗುಟ್ಟಿತು. ವ್ಯಾಪಾರಿ ಬಂದವನು ಎರಡು ಸಾಲು ನಡೆದು, ಒಂದು ಗೊಂಚಲು ಹಿಂಡಿ ಮೂಸಿ, ಬೈಕು ತಿರುಗಿಸಿದ. ಅಪ್ಪ ಮದುವೆಗೆ ಮುಂಚೆ ಒಂದು ವೈನ್ ಕಾರ್ಖಾನೆಯಲ್ಲಿ ಹಣ್ಣು ತೂಗುವ ಕೆಲಸ ಮಾಡಿದ್ದ. ತೂಗುವುದಕ್ಕಿಂತ ಹೆಚ್ಚಾಗಿ ಒಳಗೆ ಇಣುಕಿ ನೋಡಿದ್ದ. ಬಿರಿದ ಹಣ್ಣಿನಿಂದ ವೈನ್ ಮಾಡಬಹುದು, ಅದಕ್ಕೆ ತಂಪು ಬೇಕು, ಕತ್ತಲು ಬೇಕು, ಯಾರ ಕಣ್ಣಿಗೂ ಬೀಳಬಾರದು ಎಂದ. ಲೈಸೆನ್ಸ್ ಇಲ್ಲದ ಕೆಲಸ. ತಂಪು, ಕತ್ತಲು, ಮರೆ ಮೂರೂ ಇದ್ದ ಜಾಗ ಅಂಗಳದ ನಡುವೆಯೇ ಇತ್ತು. ಆವತ್ತು ಊಟಕ್ಕೆ ಕೂತಾಗ ನಡೆದ ಮಾತು ಹೀಗೆ, ಇದನ್ನು ಚಿಕ್ಕಪ್ಪ ಈಗಲೂ ಆಡಿ ತೋರಿಸುತ್ತಾನೆ:

"ನಮ್ಮತ್ತೆ ಕಾಲದಿಂದ ಅನ್ನ ಇಟ್ಟಿರೋ ಜಾಗ ಅದು. ಅಲ್ಲಿ ಹೆಂಡ ಇಡ್ತೀಯೇನ್ಲಾ?"

"ಹೆಂಡ ಅಲ್ಲ ಕಣವ್ವ. ವೈನು."

"ಹೆಂಡಕ್ಕೆ ಇಂಗ್ಲೀಷ್ ಹೆಸ್ರಿಟ್ರೆ ತೀರ್ಥ ಆಗೋಯ್ತದಾ?"

"ದೊಡ್ಡ ದೊಡ್ಡೋರು ಊಟದ ಜೊತೆ ಕುಡೀತಾರವ್ವ."

"ಕುಡೀಲಿ. ಅವರ ಮನೆ ಹಗೇವಲ್ಲಿ ಮಾಡ್ಕಳ್ಳಿ."

ಚಿಕ್ಕಪ್ಪ ನಕ್ಕು ಸಾರು ನೆತ್ತಿಗೇರಿಸಿಕೊಂಡನಂತೆ. ಆದರೆ ಅಜ್ಜಿ ಕೊನೆಗೆ ಒಪ್ಪಿದಳು. ತಿಪ್ಪೆಗೆ ಸುರಿಯುವುದಕ್ಕೆ ಅವಳಿಗೂ ಮನಸ್ಸಿರಲಿಲ್ಲ. ಒಂದೇ ಷರತ್ತು. ಯಾರೇ ಇಳಿಯಲಿ, ಬೆಳಿಗ್ಗೆ ದೀಪ ಬಿಡುವುದು ತಾನೇ.

ಮನೆಯವರೆಲ್ಲ ಕೂತು ಹಣ್ಣು ಉದುರಿಸಿದೆವು, ಹಿಸುಕಿದೆವು. ಉಪ್ಪಿನಕಾಯಿಯ ಪಿಂಗಾಣಿ ಜಾಡಿಗಳನ್ನು ಅಪ್ಪ ಎಲ್ಲೆಲ್ಲಿಂದಲೋ ಕೂಡಿಹಾಕಿದ್ದ. ಹದಿನಾಲ್ಕು ಎಂದು ನನ್ನ ನೆನಪು, ಚಿಕ್ಕಪ್ಪ ಹತ್ತು ಅನ್ನುತ್ತಾನೆ. ಖಾಲಿ ಜಾಡಿಗಳನ್ನು ಇಳಿಸಿ, ಬಿಂದಿಗೆಯಲ್ಲಿ ರಸ, ಸಿಪ್ಪೆ ಎಲ್ಲ ಇಳಿಬಿಟ್ಟು ತುಂಬಿ, ಬಾಯಿಗೆ ಬಟ್ಟೆ ಕಟ್ಟಿದರು. ಹುಳಿಯುವಾಗ ಸಿಪ್ಪೆ ಮೇಲೆದ್ದು ಗಟ್ಟಿಯಾಗಿ ಕೂರುತ್ತದೆ, ದಿನಕ್ಕೆರಡು ಸಲ ಒತ್ತಿ ಮುಳುಗಿಸಬೇಕು. ಅದಕ್ಕೆ ಅಮ್ಮ ಅಡುಗೆಮನೆಯ ಮುದ್ದೆಕೋಲನ್ನೇ ಒಯ್ದಳು. ಅಜ್ಜಿ ಉಣ್ಣುತ್ತಿದ್ದ ಅನ್ನ ಬಿಟ್ಟೆದ್ದಳು. "ಆ ಕೋಲು ಇನ್ನು ಒಳಗೆ ಬರಕೂಡದು" ಅಂದಳು. ಅಮ್ಮ, "ಕೋಲಿಗೇನು ಜಾತಿ ಕೆಡ್ತದಾ ಅತ್ತೆ?" ಅಂದಳು. ಆಮೇಲೆ ಇಬ್ಬರೂ ಎರಡು ದಿನ ಮಾತಾಡಲಿಲ್ಲ. ನನ್ನ ಮಟ್ಟಿಗೆ ಈ ಜಗಳವೇ ಮುಂದಿನದಕ್ಕೆಲ್ಲ ಸಾಕ್ಷಿಯಾಯಿತು.

ನನಗೂ ಅಮ್ಮನಿಗೂ ಬೇರೆ ಜಗಳ. ಶಾಲೆಯ ನಾಟಕದಲ್ಲಿ ನಾನು ರಾಣಿ. ಆದರೆ ಹಣ್ಣು ಹಿಸುಕಿ ನನ್ನ ಕೈ ಮೊಣಕೈವರೆಗೆ ನೇರಳೆಯಾಗಿ, ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗದೆ, ಮೈಯೆಲ್ಲ ಹುಳಿವಾಸನೆ ಹೊಡೆಯುತ್ತಿತ್ತು. ಮೇಷ್ಟ್ರು ನೋಡಿದರೆ ಮನೆಯಲ್ಲೇನು ನಡೆಯುತ್ತಿದೆ ಎಂದು ಕೇಳುತ್ತಾರೆ ಎಂದು ಅಮ್ಮ ಶಾಲೆಗೆ ಕಳಿಸಲಿಲ್ಲ. ನನ್ನ ಪಾತ್ರ ಇನ್ನೊಬ್ಬಳಿಗೆ ಹೋಯಿತು.

ಮೊದಲೆರಡು ದಿನ ಜಾಡಿಗಳು ಸತ್ತಂತಿದ್ದವು. ಮೂರನೆಯ ದಿನ ಬೆಳಿಗ್ಗೆ ಅಜ್ಜಿ ದೀಪ ಬಿಟ್ಟಳು. ದೀಪ ನಿಂತಿತು. ಉರಿ ಚಿಕ್ಕದಾಗಿತ್ತು ಎಂದು ನನಗೆ ಅನ್ನಿಸುತ್ತದೆ, ಆದರೆ ಎಲ್ಲ ಗೊತ್ತಾದ ಮೇಲೆ ನಾನೇ ಅದನ್ನು ಚಿಕ್ಕದು ಮಾಡಿರಬಹುದು. ಅಪ್ಪ ಇಳಿದು, ಜಾಡಿಗೆ ಬೆಲ್ಲ ಹಾಕಿ, ಸಿಪ್ಪೆ ಮುಳುಗಿಸಿ ಬಂದ. ಹಣೆ ಒತ್ತಿಕೊಳ್ಳುತ್ತ, "ತಲೆ ಸಿಡೀತಾ ಐತೆ, ಹಸಿವಿಗೆ ಅನ್ಸುತ್ತೆ," ಅಂದ. ನಂತರ, "ಕುದೀತಾ ಇದೆ ಕಣೇ, ಕಿವಿಗೊಟ್ರೆ ಮಳೆ ಬಂದಂಗೆ ಕೇಳ್ಸುತ್ತೆ," ಎಂದು ಅಮ್ಮನಿಗೆ ಹೇಳಿ, ಖಾಲಿ ಬಾಟಲಿ ತರಲು ಬೆಂಗಳೂರಿನ ಬಸ್ಸು ಹತ್ತಿದ.

ಅಪ್ಪನ ತಲೆ ಯಾಕೆ ಸಿಡಿಯಿತು ಎನ್ನುವುದಕ್ಕೆ ಈಗ ಯಾವ ಮಗುವಿನ ಶಾಲೆಯ ಪುಸ್ತಕದಲ್ಲಾದರೂ ಉತ್ತರವಿದೆ. ಹುಳಿಯುವ ರಸ ಗಾಳಿಯನ್ನು ಉಗುಳುತ್ತದೆ, ನಾವು ಉಸಿರಾಡಲಾಗದ ಗಾಳಿ, ಭಾರವಾದದ್ದು. ಅದು ಮೇಲೆ ಏಳದೆ ಗುಂಡಿಯಲ್ಲಿ ನೀರಿನ ಹಾಗೆ ತುಂಬುತ್ತ ಬರುತ್ತದೆ. ಬೆಳಿಗ್ಗೆ ಪಾದ, ಹತ್ತು ಗಂಟೆಗೆ ಸೊಂಟ, ಮಧ್ಯಾಹ್ನ ಕತ್ತು. ಕಣ್ಣಿಗೆ ಕಾಣುವುದಿಲ್ಲ. ಅಜ್ಜಿಯ ದೀಪ ಸುಳ್ಳು ಹೇಳಿರಲಿಲ್ಲ. ಅದು ಬೆಳಿಗ್ಗೆಯ ನಿಜವನ್ನು ಹೇಳಿತ್ತು.

ಮಧ್ಯಾಹ್ನ ಅಮ್ಮ ಸೆರಗು ಸಿಕ್ಕಿಸಿ ಬಾಯಿಯ ಅಂಚಿನಲ್ಲಿ ಕೂತಳು. ಹತ್ತಿಳಿಯಲು ಹಿಡಿಯುವ ಹಗ್ಗ ಪಕ್ಕದಲ್ಲಿ ಸುರುಳಿಯಾಗಿ ಬಿದ್ದಿತ್ತು.

"ಹಗ್ಗ ಬೇಡ, ಗುಳಿ ಮೇಲೇ ಇಳೀತೀನಿ. ನೀನು ಇಲ್ಲೇ ಕೂತು ಕರೀತಾ ಇರು. ನಾನು ಓ ಅಂತೀನಿ."

"ನಾನ್ಯಾಕೆ ಕರೀಲಿ? ರಾಣಿ ಆಗೋಕೆ ಬಿಡ್ಲಿಲ್ಲ ನೀನು."

"ಆಯ್ತು ತಾಯಿ, ಮಹಾರಾಣಿಯೋರೇ, ಅಲ್ಲೇ ಕೂತು ಅಪ್ಪಣೆ ಕೊಡಿ."

"ದೀಪ?"

"ಬೆಳಿಗ್ಗೆ ನಿಮ್ಮಜ್ಜಿ ಬಿಟ್ಟಿದ್ದು ನೋಡ್ಲಿಲ್ವೇನೇ?"

ಮುಂದಿನದನ್ನು ಎಷ್ಟೋ ಸಲ, ಎಷ್ಟೋ ಜನಕ್ಕೆ ಹೇಳಿದ್ದೇನೆ. ಬಿಸಿಲಿಗೆ ಚಪ್ಪಡಿ ಕಾದಿತ್ತು. ನಾನು ಕರೆದೆ, ಅಮ್ಮ ಓ ಅಂದಳು. ಮತ್ತೆ ಕರೆದೆ, ಓ ಅಂದಳು. ಕೋಲು ಜಾಡಿಗೆ ತಾಗುವ ಟಕ್ ಟಕ್ ಸದ್ದು. ಓ ಬರುವುದು ನಿಧಾನವಾಯಿತು, ತೂಕಡಿಸುವವಳ ಓ ಆಯಿತು, ಆಮೇಲೆ ಬರಲಿಲ್ಲ. ನಾನು ಗಂಟಲು ಹರಿಯುವಂತೆ ಅಮ್ಮಾ ಅಮ್ಮಾ ಎಂದು ಕಿರುಚಿದೆ. ಅಜ್ಜಿ ಬಂದಳು. ತೋಟದಿಂದ ಚಿಕ್ಕಪ್ಪ ಓಡಿಬಂದು, ಇಣುಕಿ ನೋಡಿ, ಅಂಗಿ ಕಿತ್ತೆಸೆದು ಕಾಲು ಇಳಿಬಿಟ್ಟ. ಅಜ್ಜಿ ಹಿಂದಿನಿಂದ ಅವನ ಸೊಂಟ ತಬ್ಬಿ ನೆಲಕ್ಕೆ ಕೂತುಬಿಟ್ಟಳು.

"ಇಳೀಬ್ಯಾಡ ಕಣ್ಲಾ! ಇಳಿದ್ರೆ ನೀನೂ ಬರಲ್ಲ!"

"ಬಿಡವ್ವ! ಅತ್ಗೆ ಒಳಗವ್ರೆ!"

"ನನ್ನ ತುಳ್ಕೊಂಡು ಹೋಗು ಅಂಗಾದ್ರೆ!"

ಎರಡು ಕ್ಷಣವೋ, ಎರಡು ನಿಮಿಷವೋ. ಕೊನೆಗೆ ಚಿಕ್ಕಪ್ಪ ಅವಳ ಮಾತು ಕೇಳಿದ. ಹೊಂಗೆ ಕೊಂಬೆಗಳನ್ನು ಹಗ್ಗಕ್ಕೆ ಕಟ್ಟಿ ಬಾಯೊಳಗೆ ಮೇಲೆ ಕೆಳಗೆ ಬಡಿದ, ಅಜ್ಜಿ ಬಿಂದಿಗೆ ಬಿಂದಿಗೆ ನೀರು ಸುರಿದಳು, ಗಾಳಿ ಕಲಕಲಿ ಎಂದು. ನನಗೆ ಅದು ಅಮ್ಮನನ್ನು ಮುಳುಗಿಸುತ್ತಿರುವಂತೆ ಕಂಡಿತು. ಆಮೇಲೆ ಮಾತ್ರ ಅಜ್ಜಿ ಮಗನ ಸೊಂಟಕ್ಕೆ ಹಗ್ಗ ಬಿಗಿದು, ತುದಿಯನ್ನು ಜಗಲಿಯ ಕಂಬಕ್ಕೆ ಸುತ್ತಿ, ಇಳಿ ಅಂದಳು. ಅಮ್ಮ ತಳದಲ್ಲಿರಲಿಲ್ಲ. ಅರ್ಧ ಹತ್ತಿ, ಗುಳಿಗೆ ಮೊಣಕೈ ಸಿಕ್ಕಿಸಿಕೊಂಡು, ಗೋಡೆಗೆ ಕೆನ್ನೆ ಒತ್ತಿ ನೇತಾಡುತ್ತಿದ್ದಳು. ಮೇಲೆ ತಂದು ಮಲಗಿಸಿದಾಗ ಗಲ್ಲ, ಕತ್ತು, ಸೀರೆಯ ತುಂಬ ದ್ರಾಕ್ಷಿರಸ. ಉಸಿರು ಬಂತು. ಮೊದಲು ಉಸಿರು, ಆಮೇಲೆ ವಾಂತಿ, ಆಮೇಲೆ ಅಳು. ಅಳು ಯಾರದೆಂದು ನೆನಪಿಲ್ಲ.

ಅಜ್ಜಿ ಮರುದಿನವೇ ಹಗೇವಿಗೆ ಮಣ್ಣು ತುಂಬಿಸಿದಳು. ಜಾಡಿಗಳನ್ನು ಎತ್ತಲು ಬಿಡಲಿಲ್ಲ. ಅಪ್ಪ ತಾನು ತಂದ ಬಾಟಲಿಯ ಚೀಲವನ್ನು ಬಿಚ್ಚದೆ ಮೂಲೆಗೆ ಸರಿಸಿದ. ಕುದಿಯುತ್ತಿದ್ದ ರಸದ ಮೇಲೆ ಗಾಡಿಗಟ್ಟಲೆ ಕೆಮ್ಮಣ್ಣು ಬಿತ್ತು. ನಾನು ಎಷ್ಟೋ ದಿನ ಅಂಗಳದಲ್ಲಿ ಕಿವಿಯನ್ನು ನೆಲಕ್ಕೆ ಒತ್ತಿ ಮಲಗುತ್ತಿದ್ದೆ, ಮಳೆ ಬಂದ ಸದ್ದು ಕೇಳುತ್ತದೋ ಎಂದು. ಈಗ ಅಲ್ಲಿ ಲೇಔಟಿನ ರಸ್ತೆಯಿದೆ. ಡಾಂಬರಿನ ಕೆಳಗೆ ಜಾಡಿಗಳು ಇನ್ನೂ ಇರಬೇಕು.

ಆ ದಿನಗಳಲ್ಲಿ ನಾನು ನೀರು ತರಲು ಹೋದಲ್ಲಿ ಊರಿನ ಒಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು: "ಮಗನ್ನ ಹಿಡ್ಕಂಡ್ಳು, ಸೊಸೇನ ಬಿಟ್ಟಾಕಿದ್ಳು." ಆ ಮಾತು ನನ್ನೊಳಗೆ ಕೂತಿತು. ಅಜ್ಜಿ ಕೊಟ್ಟ ತುತ್ತು ನಾನು ತಿನ್ನಲಿಲ್ಲ. ಅವಳ ಪಕ್ಕ ಮಲಗುತ್ತಿದ್ದವಳು ಹಾಸಿಗೆ ಎತ್ತಿಕೊಂಡು ಅಮ್ಮನ ಹತ್ತಿರ ಹೋದೆ. ಅಜ್ಜಿ ಎಲ್ಲರಿಗೂ, "ಮಗು ಕಿರುಚಿದ್ಕೆ ನನ್ನ ಸೊಸೆ ಉಳಿದ್ಳು," ಎಂದು ಹೇಳುತ್ತಿದ್ದಳು. ನನ್ನನ್ನು ಹೊಗಳಿ ತನ್ನ ತಪ್ಪು ಮುಚ್ಚಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಅತ್ತೆ ಸೊಸೆ ಒಂದೇ ಮೊರದ ಮುಂದೆ ಗಂಟೆಗಟ್ಟಲೆ ಮಾತಿಲ್ಲದೆ ಕೂರುವುದನ್ನು ನೋಡಿ, ಅಮ್ಮ ಹಗೆ ನುಂಗಿಕೊಂಡಿದ್ದಾಳೆ ಎಂದು ಅರ್ಥ ಮಾಡಿಕೊಂಡೆ. ನಾನು ಕಾಲೇಜಿಗೆ ಸೇರಿ ಹಾಸ್ಟೆಲಿನಲ್ಲಿದ್ದಾಗ ಅಜ್ಜಿ ಹಾಸಿಗೆ ಹಿಡಿದಳು. ಒಂದು ವರ್ಷ ಮಲಗಿದ್ದು ತೀರಿಕೊಂಡಳು. ಆ ವರ್ಷ ಊರಿಗೆ ಬಂದಾಗಲೂ ನಾನು ಅವಳು ಮಲಗಿದ್ದ ಕೋಣೆಗೆ ಹೋಗಲಿಲ್ಲ. ನಾನು ಎಂಥವಳು ಎಂದು ಯಾರಾದರೂ ಕೇಳಿದರೆ ಆಗ ಹೆಮ್ಮೆಯಿಂದ ಹೇಳಬಲ್ಲವಳಾಗಿದ್ದೆ: ಅಮ್ಮನಿಗಾಗಿ ಕೂಗಿದವಳು, ಮರೆಯದವಳು.

ಇಷ್ಟು ಬರೆದು, ಹೋದ ತಿಂಗಳು ಅಮ್ಮನಿಗೆ ಓದಿ ಹೇಳಿದೆ. ಅವಳು ದೇವನಹಳ್ಳಿಯಲ್ಲಿ ನನ್ನ ಜೊತೆಯೇ ಇದ್ದಾಳೆ. ನೆನೆಸಿದ ಅವರೆಕಾಳು ಹಿದುಕುತ್ತ ಕೇಳಿಸಿಕೊಂಡಳು. ತಲೆಯ ಮೇಲೆ ವಿಮಾನ ಹೋದಾಗಲೆಲ್ಲ ನಾನು ನಿಲ್ಲಿಸುತ್ತಿದ್ದೆ, ಅವಳ ಬೆರಳುಗಳು ನಿಲ್ಲುತ್ತಿರಲಿಲ್ಲ.

"ಜಾಡಿ ಹದಿನಾಲ್ಕೇ. ನಿಮ್ಮ ಚಿಕ್ಕಪ್ಪಂಗೆ ಏನ್ ಗೊತ್ತು," ಅಂದಳು. ಆಮೇಲೆ, "ನೀನು ಕೂಗಿದ್ದು ಅಂತ ಬರ್ದಿದೀಯಲ್ಲ, ಅದು ಹಂಗೇ ಇರ್ಲಿ ಬಿಡು."

"ಹಂಗೇ ಇರ್ಲಿ ಅಂದ್ರೆ?"

ಅವಳು ನಾಲ್ಕೈದು ಕಾಳು ಹಿದುಕಿದಳು.

"ನೀನು ಅಲ್ಲಿರ್ಲಿಲ್ಲ ಕಣೇ. ನೀನು ಎರಡು ಸಲ ಕರೆದೆ, ನಾನು ಓ ಅಂದೆ. ಆಮೇಲೆ ನಿನ್ನ ಸದ್ದಿಲ್ಲ. ಕೋಪ ಅಲ್ವಾ, ಬೇಕಂತಲೇ ಸುಮ್ನಿದಾಳೆ ಅಂದ್ಕೊಂಡೆ. ತಲೆ ತಿರುಗೋಕೆ ಶುರುವಾಯ್ತು. ಮೂರು ಗುಳಿ ಹತ್ತಿದೆ, ಕೈಯಲ್ಲಿ ಬಲಾನೇ ಇಲ್ಲ. ಹಗ್ಗ ಬಿಡೇ ಪುಟ್ಟೀ, ಹಗ್ಗ ಬಿಡೇ ಅಂತ ಕೂಗ್ದೆ. ಎಷ್ಟು ಸಲವೋ. ಕೂಗಿದ್ದು ನಾನು."

"ಎಲ್ಲಿದ್ದೆ ನಾನು?"

"ಚಪ್ಪರದ ಕೆಳಗೆ, ನಾಟಕದ ಮಾತು ಹೇಳ್ಕೊಂಡು. ಅತ್ತೆ ತೋಟಕ್ಕೆ ಮಜ್ಜಿಗೆ ತಂದೋರು ನಿನ್ನ ನೋಡಿದ್ರಂತೆ. ನನ್ನ ದನಿ ಬಿದ್ದಿದ್ದು ಅವರ ಕಿವೀಗೆ."

"ಚಿಕ್ಕಪ್ಪನ್ನ ಹಿಡಿದಿದ್ದು?"

"ಅವ್ನು ಇಳಿದಿದ್ರೆ ನನ್ನ ಮೇಲೇ ಬೀಳ್ತಿದ್ದ, ಇಬ್ರೂ ತಳ ಸೇರ್ತಿದ್ವಿ. ಅತ್ತೆ ತವರಲ್ಲಿ ಹಂಗೇ ಆಗಿತ್ತು. ಅಣ್ಣ ಹಗೇವಿಗೆ ಇಳಿದ, ಅವನ್ನ ಎತ್ತೋಕೆ ತಮ್ಮ ಇಳಿದ, ಇಬ್ರೂ ಮೇಲೆ ಬರ್ಲಿಲ್ಲ. ಕಣ್ಣಾರೆ ನೋಡಿದೋರು. ಆವತ್ತು ನಿಮ್ಮಪ್ಪ ಬರೋಕೆ ಮುಂಚೆ ನನ್ನ ಕಿವೀಲಿ ಹೇಳಿದ್ರು, ಮಗು ಕೂಗಿದ್ಕೆ ಬದುಕ್ದೆ ಅಂತ ಹೇಳು, ಇಲ್ದಿದ್ರೆ ಇವಳು ಜೀವಮಾನ ಎಲ್ಲ ಇದನ್ನ ಹೊತ್ಕೊಂಡು ತಿರುಗ್ತಾಳೆ ಅಂತ. ನಾನೂ ಹಂಗೇ ಹೇಳ್ಕೊಂಡು ಬಂದೆ. ನೀನೂ ಹಂಗೇ ಹೇಳೋಕೆ ಶುರು ಮಾಡ್ದೆ."

ಇದೂ ಒಂದು ನೆನಪೇ, ಅಮ್ಮನದು. ಆ ಹೊತ್ತಿನಲ್ಲಿ ಅವಳ ತಲೆಗೆ ಗಾಳಿ ಸಿಕ್ಕಿರಲಿಲ್ಲ. ಅವಳೂ ತನ್ನ ಮೆಟ್ಟಿಲುಗಳನ್ನು ಕಟ್ಟಿಕೊಂಡಿರಬಹುದು. ಹೀಗೆಂದು ಒಂದು ವಾರ ನನಗೆ ನಾನೇ ಹೇಳಿಕೊಂಡೆ. ಆದರೆ ಬಳ್ಳಿಯ ಎಳೆಸುಳಿಯನ್ನು ಕಿರೀಟದಂತೆ ತಲೆಗೆ ಸುತ್ತಿಕೊಂಡು, ಕಲ್ಲುಕಂಬಗಳನ್ನು ಸಾಲಾಗಿ ನಿಂತ ಸೈನಿಕರೆಂದುಕೊಂಡು, "ಯಾರಲ್ಲಿ!" ಎಂದು ನಾನು ಗದರುವುದು ನನಗೆ ಸ್ಪಷ್ಟವಾಗಿ ನೆನಪಿದೆ. ದೂರದಲ್ಲಿ ಯಾರೋ ಪುಟ್ಟೀ ಅನ್ನುವುದೂ, ನಾನು ರಾಣಿಯಾದ್ದರಿಂದ ಓಗೊಡದೆ ಇರುವುದೂ ನೆನಪಿದೆ. ಇಷ್ಟು ವರ್ಷ ಅದನ್ನು ಬೇರೆ ಯಾವುದೋ ದಿನದ ಲೆಕ್ಕಕ್ಕೆ ಹಾಕಿಟ್ಟಿದ್ದೆ.

ಕೊನೆಗೆ ನಿನ್ನೆ ಅಮ್ಮನನ್ನು ಕೇಳಿದೆ. ಹಾಸಿಗೆ ಹಿಡಿದ ಆ ವರ್ಷ ಅಜ್ಜಿ ನನ್ನ ವಿಷಯ ಏನಾದರೂ ಅಂದಿದ್ದಳೇ ಎಂದು.

"ನೀನು ಊರಿಗೆ ಬಂದಾಗೆಲ್ಲ ದಿನಾ ಕೇಳೋರು. ಹುಡ್ಗಿ ಬಂದವ್ಳಂತೆ, ನನ್ನ ಹತ್ರ ಯಾಕೆ ಬರಲ್ಲ ಅಂತ."

"ನೀನೇನಂದೆ?"

"ಓದ್ಕೋತಾ ಇದಾಳೆ ಅಂತಿದ್ದೆ."